ಹನ್ನೊಂದೂವರೆಯ ಹಳದಿ

ಗದಗಿನಲ್ಲಿ ಹಳಿ ಕೆಲಸದ ಗ್ಯಾಂಗಿನವರಿದ್ದ ಚಾಳಿನ ಹಿಂದೆ ಹಾದುಹೋಗುವ ಅದಿರು ಹಳಿಯ ಮೇಲೆ ಡ್ರೈವರ್ ಸೀಟು ಖಾಲಿಯಾದ ಮೂರನೆಯ ವರ್ಷದ ಮಾತಿದು. ಗಾಡಿಗಳೇನೋ ಓಡುತ್ತಿದ್ದವು, ಮೊದಲಿಗಿಂತ ಹೆಚ್ಚೇ ಓಡುತ್ತಿದ್ದವು. ಎಂಜಿನ್ನಿನ ಕಿಟಕಿಯಲ್ಲಿ ಮಾತ್ರ ಮುಖವಿರಲಿಲ್ಲ.

ಓಡುವುದನ್ನು ಅವಕ್ಕೆ ಕಲಿಸಿದ್ದು ಒಂದು ಆಟ. ‘ಹಳಿದಾರಿ’ ಅಂತ ಅದರ ಹೆಸರು. ಮೊಬೈಲ್ ಇದ್ದವರು ಯಾರು ಬೇಕಾದರೂ ಕೂತಲ್ಲೇ ರೈಲು ಓಡಿಸಬಹುದಿತ್ತು. ದೇಶದ ತುಂಬ ಲಕ್ಷಾಂತರ ಜನ ಯಾವ ಏರಿನಲ್ಲಿ ಎಷ್ಟು ಜೋರಾಗಿ ಹೋದರು, ಯಾವ ಸಿಗ್ನಲ್ಲಿಗೆ ಎಲ್ಲಿಂದ ಬ್ರೇಕು ಹಾಕಿದರು ಎಂಬುದನ್ನೆಲ್ಲ ಕಂಪನಿಯ ಯಂತ್ರ ಕಣ್ಣು ಮಿಟುಕಿಸದೆ ನೋಡಿ, ಒಟ್ಟು ಮಾಡಿ, ಪ್ರತಿ ಸೋಮವಾರ ಬೆಳಿಗ್ಗೆ ನಿಜವಾದ ಗಾಡಿಗಳ ತಲೆಗೆ ತುಂಬುತ್ತಿತ್ತು. ಅಂದರೆ ಎಲ್ಲಿಯೋ ಕೂತು ಚುರುಮರಿ ತಿನ್ನುತ್ತ ಆಡಿದವನ ಬೆರಳಿನ ಬುದ್ಧಿ, ಎಂಟು ದಿನದೊಳಗೆ ಐವತ್ತೆಂಟು ಡಬ್ಬಿ ಅದಿರು ಹೊತ್ತ ಗಾಡಿಯ ಬುದ್ಧಿಯಾಗುತ್ತಿತ್ತು.

ಚಂಪಕ್ಕನಿಗೆ ಇದೆಲ್ಲ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಜಂಪರ್ ಹೊಲಿಯುವುದು, ಮತ್ತು ಗಂಡನ ಮುಖ ನೋಡಿ ಅವನ ಹೊಟ್ಟೆಯೊಳಗಿನ ಮಾತು ಹೇಳುವುದು. ಗಂಡ ಮುದಕಪ್ಪ ಅದೇ ಹಳಿಯ ಗ್ಯಾಂಗಿನಲ್ಲಿದ್ದ. ಜಲ್ಲಿ ಬಿಗಿಮಾಡುವುದು, ಸ್ಲೀಪರ್ ಬದಲಿಸುವುದು ಅವನ ಕೆಲಸ. ಈಚೆಗೆ ಅವನು ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದ.

“ಏನಾಗೇತ್ರಿ ನಿಮಗ? ರೊಟ್ಟಿ ಕಲ್ಲಾಗ್ಯಾವೇನು?”

“ರೊಟ್ಟಿಗೇನಾಗೇತಿ. ಗಾಡಿ...” ಅಂದ ಮುದಕಪ್ಪ. “ಗಾಡಿ ನಿಲ್ಲಂಗಿಲ್ಲಂತ ನಾ ಏನ್ ಹೇಳಂಗಿಲ್ಲ. ನಿಲ್ತೈತಿ. ಕೆಂಪಿಗೆ ಗೆರಿ ಹೊಡದಂಗ ನಿಲ್ತೈತಿ. ಆದ್ರ ಅದು ನಿಲ್ಲೂ ತನಕಾ ನನ್ನ ಜೀವ ನನ್ನ ಹಂತ್ಯಾಕ ಇರಂಗಿಲ್ಲ ನೋಡ.”

ವಿಷಯ ಇಷ್ಟು. ಗ್ಯಾಂಗು ಹಳಿಯ ಮೇಲೆ ಕೆಲಸಕ್ಕೆ ಇಳಿದಾಗ ಅದರ ಮುಂಚಿನ ಸಿಗ್ನಲ್ಲು ಕೆಂಪಾಗುತ್ತದೆ. ಕೆಂಪಿನಿಂದ ಒಂದು ಕಿಲೋಮೀಟರ್ ಹಿಂದಿನ ಸಿಗ್ನಲ್ಲು ಹಳದಿ ಆಗುತ್ತದೆ. ಹಳದಿ ಅಂದರೆ ‘ಹುಷಾರು, ಮುಂದೆ ನಿಲ್ಲಬೇಕಾದೀತು’ ಅಂತ. ಡ್ರೈವರ್ ಇದ್ದ ಕಾಲದಲ್ಲಿ ಹಳದಿ ದೂರದಲ್ಲಿ ಕಂಡ ಕೂಡಲೇ ಗಾಡಿ ಉಸಿರು ಬಿಡುತ್ತಿತ್ತು, ಮೆಲ್ಲಗಾಗುತ್ತಿತ್ತು, ಡ್ರೈವರು ಕಿಟಕಿಯಿಂದ ಒಂದು ಕೈ ಎತ್ತುತ್ತಿದ್ದ. ಆ ಕೈ ಕಂಡರೆ ಸಾಕು, ‘ಇವ ನಮ್ಮನ್ನ ನೋಡ್ಯಾನ’ ಅಂತ ಗ್ಯಾಂಗಿನವರು ನಿಶ್ಚಿಂತೆಯಿಂದ ಸಲಿಕೆ ಹಿಡಿಯುತ್ತಿದ್ದರು. ಈಗ ಕೈಯೂ ಇಲ್ಲ, ಉಸಿರು ಬಿಡುವುದೂ ಇಲ್ಲ. ಆಟದಲ್ಲಿ ಉಳಿಸಿದ ಒಂದೊಂದು ಸೆಕೆಂಡಿಗೂ ಅಂಕ. ಹಾಗಾಗಿ ಆಡುವವರೆಲ್ಲ ಹಳದಿಯ ಬುಡದವರೆಗೂ ಅರವತ್ತರ ಓಟದಲ್ಲೇ ಬಂದು, ಇನ್ನು ತಡಮಾಡಿದರೆ ಕೆಟ್ಟಿತು ಅನ್ನುವ ಕಡೆಯ ಗಳಿಗೆಯಲ್ಲಿ ಬ್ರೇಕು ಒತ್ತುತ್ತಿದ್ದರು. ಗಾಡಿಯೂ ಅದನ್ನೇ ಕಲಿತಿತ್ತು. ಚಾಳಿಗೆ ಹತ್ತಿರದ ಹೊನ್ನಗಟ್ಟಿ ನಿಲ್ದಾಣದ ಆಚೆ ಒಂದು ದಿನ ಹನಮಪ್ಪ ಎಂಬ ಹಿರಿಯ ಆಳು, ಹಾಗೆ ಗುಡುಗಿಕೊಂಡು ಬಂದ ಗಾಡಿಗೆ ಹೆದರಿ ದಂಡೆಯಿಂದ ಕೆಳಗೆ ಹಾರಿ ಕಾಲು ಮುರಿದುಕೊಂಡ. ಗಾಡಿ ಮುನ್ನೂರು ಮೀಟರ್ ಆಚೆಯೇ ನಿಂತಿತ್ತು.

‘ಗಾಡಿ ನಿಯಮದಂತೆ ನಿಂತಿದೆ’ ಅಂತ ಕಂಪನಿ ಉತ್ತರ ಬರೆಯಿತು. ಸುಳ್ಳೇನಲ್ಲ. ಹನಮಪ್ಪನ ಕಾಲು ಮಾತ್ರ ನಿಯಮ ಓದಿರಲಿಲ್ಲ.

ಆದರೂ ಕಂಪನಿಯವರು ಕೆಟ್ಟವರಲ್ಲ. ಗ್ಯಾಂಗಿನ ಮನೆಯವರನ್ನೆಲ್ಲ ಸಮುದಾಯ ಭವನಕ್ಕೆ ಕರೆದು, ಚಹಾ ಖಾರಾ ಕೊಟ್ಟು, ತಿಳಿಸಿ ಹೇಳಲು ಹುಬ್ಬಳ್ಳಿಯಿಂದ ಸ್ಫೂರ್ತಿ ಎಂಬ ಇಂಜಿನಿಯರ್ ಹುಡುಗಿಯನ್ನು ಕಳಿಸಿದರು. ಅವಳು ಗೋಡೆಯ ಮೇಲೆ ಚಿತ್ರ ಬಿಟ್ಟು ಆಟದಿಂದ ಗಾಡಿ ಹೇಗೆ ಕಲಿಯುತ್ತದೆ ಅನ್ನುವುದನ್ನು ಚೆಂದಾಗಿ ವಿವರಿಸಿದಳು. ಹಿಂದಿನ ಸಾಲಿನಿಂದ ಚಂಪಕ್ಕ ಎದ್ದು ನಿಂತಳು.

“ಮೇಡಂ, ಒಂದು ಕೇಳ್ಲೇನ್ರಿ? ಭಾಳ ಕಡಿಮಿ ಅಂಕಾ ತಗೊಂಡಾರ್ದೂ ಗಾಡಿ ಕಲೀತೈತೇನ್ರಿ?”

“ಕಲೀತದ್ರಿ ಅಕ್ಕಾರ. ಅಂಕ ಆಡೋರ ಖುಷಿಗೆ. ಗಾಡಿ ನೋಡೂದು ಒಂದ, ಆ ಜಾಗಾದಾಗ, ಆ ಹೊತ್ತಿನಾಗ ಹೆಚ್ಚಿನ ಮಂದಿ ಹೆಂಗ ಓಡಿಸ್ಯಾರ ಅಂತ.”

“ಮತ್ತ ನಮ್ಮ ಹೊನ್ನಗಟ್ಟಿ ಬಯಲಾಗ ಎಷ್ಟು ಮಂದಿ ಆಡ್ತಾರ್ರಿ?”

ಸ್ಫೂರ್ತಿ ನಕ್ಕಳು. “ಅಲ್ಲೇನದ ಅಂತ ಆಡ್ತಾರ್ರಿ? ಎಲ್ಲಾರೂ ಘಟ್ಟ, ಸುರಂಗ, ಸೇತುವಿ ಕಡೆ ಹೋಗ್ತಾರ. ನಿಮ್ಮ ಬಯಲಿಗೆ ವಾರಕ್ಕ ಏಳೆಂಟು ಮಂದಿ ಬಂದ್ರ ಹೆಚ್ಚು.”

ಒಂದು ತಾನು ಬಟ್ಟೆಯಲ್ಲಿ ಎಷ್ಟು ಜಂಪರ್ ಬೀಳುತ್ತವೆ ಅಂತ ನೋಡಿದ ಮಾತ್ರಕ್ಕೆ ಹೇಳುವವಳು ಚಂಪಕ್ಕ. ಏಳೆಂಟು ಮಂದಿ. ಚಾಳಿನಲ್ಲಿ ಹೆಂಗಸರೇ ಹನ್ನೊಂದು ಮಂದಿ ಇದ್ದರು. ಅವಳು ಕೂತು ಚಹಾ ಕುಡಿದಳು.

ಮನೆಯಲ್ಲಿ ಅವಳ ತಂದೆ ಗುರುಪಾದಪ್ಪ ಇದ್ದ. ಮೂವತ್ತೆರಡು ವರ್ಷ ಗೂಡ್ಸ್ ಗಾಡಿ ಓಡಿಸಿ ನಿವೃತ್ತನಾದವನು. ಪ್ರತಿ ಸಲ ಎಂಜಿನ್ನಿನಿಂದ ಇಳಿದಾಗ ಅದರ ಮೈಯನ್ನು ಬಲಗೈಯಿಂದ ಮುಟ್ಟಿ, ಆ ಕೈಯನ್ನು ಹಣೆಗೆ ಒತ್ತಿಕೊಂಡೇ ಮನೆಗೆ ಬರುತ್ತಿದ್ದವನು. ಮಗಳು ಮೊಬೈಲಿನಲ್ಲಿ ಹಳಿದಾರಿ ತೆಗೆದು, ಎಲ್ಲಕ್ಕಿಂತ ಹೆಚ್ಚು ಅಂಕ ಗಳಿಸಿದ ಒಬ್ಬನ ಓಟ ತೋರಿಸಿದಳು. ಮುದುಕ ಕನ್ನಡಕ ಒರೆಸಿ ಒರೆಸಿ ನೋಡಿದ.

“ಇದು ಗಾಡಿ ಹೊಡಿಯೂದಲ್ಲ ಬೇ, ಜೂಜಾಡೂದು.”

“ಯಾಕಪಾ? ಸರಿಯಾಗಿ ನಿಂತಿತಲ್ಲ?”

“ನಿಂತಿತು. ಬ್ರೇಕ್ ಇತ್ತು, ನಿಂತಿತು. ಇರ್ಲಿಲ್ಲಂದ್ರ?” ಅವನು ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡ. “ನಿನಗ ಕಡಾ ಸಕ್ರಿ ಬೇಕಾದಾಗಷ್ಟ ನೆರಿಮನಿ ಬಾಗಿಲಾ ಬಡದ್ರ ಆಕಿ ತಗೀತಾಳೇನು? ಮುಂಜಾನೆದ್ದು ಒಮ್ಮಿ ‘ಏನ್ ವೈನಿ, ಆರಾಮ?’ ಅಂತ ಮಾತಾಡ್ಸಿರಬೇಕು. ಬ್ರೇಕೂ ಹಂಗ. ಬೇಕಾಗೂಕಿಂತ ಮೊದ್ಲ ಒಮ್ಮಿ ಮಾತಾಡ್ಸಬೇಕು. ಹಳದಿ ಕಂಡ ಕೂಡ್ಲೆ ಇಷ್ಟ ಇಷ್ಟ ಮುಟ್ಟಬೇಕು. ಗಾಡಿ ‘ಓ’ ಅಂತೈತಿ. ಎಷ್ಟು ಜೋರ್ ‘ಓ’ ಅಂತು ಅನ್ನೂದ್ರಾಗ ಅದರ ಆರೋಗ್ಯ ತಿಳೀತೈತಿ. ಆಮ್ಯಾಲ ಹಗೂರ ಇಳಿಸ್ಕೋಂತ ಹೋಗೂದು.”

ಚಂಪಕ್ಕನಿಗೆ ತಟ್ಟನೆ ಅರ್ಥವಾಯಿತು. ಕೊರಳಿನ ಸುತ್ತು ಹೊಲಿಯುವಾಗ ಪೆಡಲಿನ ಮೇಲೆ ಕಾಲು ಇರುವುದೇ ಹಾಗೆ. ತಿರುವು ಬಂದ ಮೇಲೆ ನಿಧಾನ ಮಾಡುವವಳ ಜಂಪರನ್ನು ಯಾರೂ ಎರಡನೇ ಸಲ ತೊಡುವುದಿಲ್ಲ.

ಮರುದಿನ ಅವಳು ಚಾಳಿನ ಹೆಂಗಸರನ್ನು ತನ್ನ ಹೊಲಿಗೆಯ ಖೋಲಿಗೆ ಕರೆದಳು. ಗಂಡಸರು ಹಳಿಗೆ, ಮಕ್ಕಳು ಸಾಲಿಗೆ ಹೋದ ಮೇಲೆ ಹತ್ತರಿಂದ ಹನ್ನೆರಡರವರೆಗೆ ಹೇಗೂ ಇವರ ಹೊತ್ತು. ವಿಷಯ ಕೇಳಿ ಸಾವಂತ್ರೆವ್ವ ಗದ್ದಕ್ಕೆ ಕೈಹಚ್ಚಿದಳು.

“ಅಯ್ಯ ಶಿವನ! ಈ ವಯಸ್ನ್ಯಾಗ ಆಟಾ ಆಡ್ಬೇಕಾ ಚಂಪಕ್ಕ? ನನ್ನ ಸೊಸಿ ನಗ್ತಾಳ.”

“ನಗ್ಲಿ ಬಿಡು. ಹೋರಿ ಹೂಡೂಕಿಂತ ಮುಂಚೆ ಹೊಲದಾಗ ತಿರುಗಿಸಿ ಕಲಸ್ತಾರಿಲ್ಲೋ? ನಾವು ಗಾಡಿಗೆ ಕಲ್ಸೂದು.”

“ಅಂಕಾ ಬೀಳಂಗಿಲ್ಲಲ್ಲ ಹಿಂಗಾಡಿದ್ರ?” ಅಂದಳು ಹನಮಪ್ಪನ ಮನೆಯ ಪಕ್ಕದ ರೆಹಮತ್‌ಬಿ.

“ಅಂಕಾ ತಗೊಂಡು ಒಗ್ಗರಣಿ ಹಾಕ್ತೀಯೇನು? ನಿನ್ನ ಗಂಡ ಮನಿಗೆ ಬಂದ್ರ ಅದ ಅಂಕಾ.”

ರೆಹಮತ್‌ಬಿ ಮೊಬೈಲು ತೆಗೆದಳು.

ಗುರುಪಾದಪ್ಪ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಮೇಷ್ಟರಾದ. “ಏ ಸಾವಂತ್ರಿ, ಅದೇನ್ ಬ್ರೇಕೋ ರೊಟ್ಟಿ ಬಡಿಯೂದೋ? ಹಗೂರ!” ಅಂತ ಗದರುವುದು, “ಹಾಂ, ಈಗ ‘ಓ’ ಅಂತು ಕೇಳ್ಸಿತಿಲ್ಲ?” ಅಂತ ಹಿಗ್ಗುವುದು. ಹಳದಿ ಸಿಗ್ನಲ್ಲು ದಾಟುವಾಗ ಒಮ್ಮೆ ಉದ್ದಕ್ಕೆ ಹಾರ್ನ್ ಒತ್ತಬೇಕು ಅನ್ನುವುದು ಹೆಂಗಸರೇ ಸೇರಿಸಿದ ಪಾಠ. ಕೈ ಎತ್ತುವವರು ಇಲ್ಲದಿದ್ದ ಮೇಲೆ ಕೂಗಾದರೂ ಬೇಡವೇ?

ಒಂದೇ ತೊಂದರೆ. ಹನ್ನೊಂದೂವರೆಯ ಸುಮಾರಿಗೆ ಚಾಳಿನ ಮನೆಮನೆಯಲ್ಲಿ ಕುಕ್ಕರ್ ಕೂಗಲು ಶುರುಮಾಡುತ್ತಿದ್ದವು. ಆಟವನ್ನೇ ನಡುವೆ ತಡೆದು ನಿಲ್ಲಿಸುವ ಗುಂಡಿಯೊಂದಿತ್ತು. ಅದು ಇರುವುದು ಹನ್ನೊಂದು ಮಂದಿಯಲ್ಲಿ ಒಬ್ಬಳಿಗೂ ಗೊತ್ತಿರಲಿಲ್ಲ. ಹಾಗಂತ ಓಡುವ ಗಾಡಿಯನ್ನು ಬಿಟ್ಟು ಏಳುವುದೂ ಮನಸ್ಸಿಗೆ ಬಾರದು. ಅದಕ್ಕೆ, ಮುಂದಿನ ಸಿಗ್ನಲ್ಲು ಹಳದಿ ಅಂತ ಪರದೆಯ ಅಂಚಿನ ಪಟ್ಟಿಯಲ್ಲಿ ತೋರಿದ ಕೂಡಲೇ, ಅದು ಕಣ್ಣಿಗೆ ಬೀಳುವುದಕ್ಕೂ ಅರ್ಧ ಕಿಲೋಮೀಟರ್ ಮೊದಲೇ, ಅವರು ಬ್ರೇಕನ್ನು ಒಂದಿಷ್ಟು ಹಚ್ಚಿಟ್ಟು, “ಹಗೂರ ಬಾ ನಮ್ಮಪ್ಪಾ, ಬಂದೆ” ಅಂತ ಗಾಡಿಗೇ ಹೇಳಿ ಓಡುತ್ತಿದ್ದರು. ಕುಕ್ಕರ್ ಇಳಿಸಿ, ಸಾರಿಗೆ ಒಗ್ಗರಣೆ ಕೊಟ್ಟು ಬರುವಷ್ಟರಲ್ಲಿ ಗಾಡಿ ಆಮೆಯ ಹಾಗೆ ತೆವಳುತ್ತಿರುತ್ತಿತ್ತು. ದಿನವೂ ಹೀಗೇ.

ಮೂರು ತಿಂಗಳು ಕಳೆಯುವುದರೊಳಗೆ ಮುದಕಪ್ಪನ ತಟ್ಟೆ ಖಾಲಿಯಾಗತೊಡಗಿತು.

“ಗಾಡಿಗೆ ಏನೋ ಬುದ್ಧಿ ಬಂದೈತಿ ಬಿಡ ಮಾರಾಯ್ತಿ. ದೂರದಿಂದ್ಲ ಹಗೂರಾಗ್ತೈತಿ, ಮತ್ತ ಕೂಗ್ತೈತಿ. ಹನಮಪ್ಪ ಕುಂಟ್ಕೋಂತ ಬಂದು ಇವತ್ತ ಅದಕ್ಕ ಕೈ ಮಾಡಿದಾ.”

ಚಂಪಕ್ಕ ಇನ್ನೊಂದು ರೊಟ್ಟಿ ಹಾಕಿದಳು.

ಆದರೆ ಹುಬ್ಬಳ್ಳಿಯ ಕಂಟ್ರೋಲ್ ರೂಮಿನಲ್ಲಿ ಇದೇ ವಿಷಯ ಬೇರೆ ಬಣ್ಣದಲ್ಲಿ ಕಾಣಿಸಿತ್ತು. ಒಂದು ಶುಕ್ರವಾರ ಸ್ಫೂರ್ತಿ ಕಂಪನಿಯ ಜೀಪಿನಲ್ಲಿ ಚಾಳಿಗೇ ಬಂದಳು. ಖೋಲಿಯಲ್ಲಿ ಸಾಲಾಗಿ ಕೂತು ಮೊಬೈಲ್ ಹಿಡಿದ ಹನ್ನೊಂದು ಹೆಂಗಸರನ್ನು ನೋಡಿ ಹೊಸ್ತಿಲಲ್ಲೇ ನಿಂತಳು.

“ನೀವೇನ್ರಿ? ನಾವು ಯಾರೋ ಕಳ್ಳರು ಆಟದೊಳಗ ಹೊಕ್ಕಾರ ಅಂತ ಹುಡುಕ್ಲಿಕ್ಕೆ ಹತ್ತೀವಿ!”

“ಬರ್ರಿ ಕಳ್ಳರ ಮನಿಗೆ, ಚಹಾ ಕುಡೀರಿ,” ಅಂದಳು ಸಾವಂತ್ರೆವ್ವ.

ಸ್ಫೂರ್ತಿಗೆ ನಗು ಬಂತು, ನುಂಗಿಕೊಂಡಳು. ಹೊನ್ನಗಟ್ಟಿ ಬಯಲಿನಲ್ಲಿ ಪ್ರತಿ ಗಾಡಿಯೂ ತಡವಾಗುತ್ತಿದೆ. ಅದಾದರೂ ಹೋಗಲಿ, ಹನ್ನೊಂದೂವರೆಯ ಸುಮಾರಿಗೆ ಬಂದ ಗಾಡಿಗಳು ಹಳದಿ ಕಾಣುವ ಮೊದಲೇ ಬ್ರೇಕು ಹಾಕಿ ನಾಲ್ಕು ನಿಮಿಷ ತೆವಳುತ್ತವೆ. ಯಾಕೆ ಅಂತ ಇಡೀ ಕಚೇರಿ ತಲೆ ಕೆರೆದುಕೊಂಡರೂ ತಿಳಿದಿಲ್ಲ. ಬಂದರಿನಲ್ಲಿ ಹಡಗುಗಳು ಕಾಯುತ್ತವೆ. ಸೋಮವಾರ ಇವರ ಆಟವನ್ನೆಲ್ಲ ಅಳಿಸಿ ಹಳೆಯ ಪಾಠವನ್ನೇ ಗಾಡಿಗಳಿಗೆ ತುಂಬಬೇಕೆಂದು ಕಂಟ್ರೋಲ್ ರೂಮಿನ ಮುಖ್ಯಸ್ಥ ಮುತಾಲಿಕ ಸಾಹೇಬರ ಆಜ್ಞೆಯಾಗಿದೆ. ಇಷ್ಟನ್ನೂ ಅವಳು ತಲೆ ತಗ್ಗಿಸಿಯೇ ಹೇಳಿದಳು.

ರೆಹಮತ್‌ಬಿ ಮೊಬೈಲನ್ನು ಮಡಿಲಲ್ಲಿ ಬೋರಲು ಹಾಕಿದಳು.

“ಹಳೇದು ಅಂದ್ರ ಆ ಗುಡುಗೂ ಪಾಠನ?” ಅಂತ ಕೇಳಿದಳು ಚಂಪಕ್ಕ.

“ಹೂಂ ಅಕ್ಕಾರ.”

“ಹಂಗಾರ ನಿಮ್ಮ ಸಾಹೇಬ್ರಿಗೆ ನಾ ಒಂದು ಮಾತು ಹೇಳ್ಬೇಕು. ಕರ್ಕೊಂಡು ಹೋಗ್ತೀರೇನು?”

ಸ್ಫೂರ್ತಿ ಸ್ವಲ್ಪ ಯೋಚಿಸಿದಳು. “ನಾಳೆ ಬರ್ರಿ. ಹನ್ನೊಂದೂವರಿ ಗಾಡಿ ಏನು ಮಾಡ್ತದ ನೀವೂ ನೋಡ್ರಿ. ಯಾಕ ಹಂಗ ಮಾಡ್ತದ ಅಂತ ಹೇಳಿದ್ರ ಸಾಹೇಬ್ರು ಕೇಳಿದ್ರೂ ಕೇಳ್ಯಾರು.”

ಶನಿವಾರ ಬೆಳಿಗ್ಗೆ ಮುದಕಪ್ಪ ಬುತ್ತಿ ಕಟ್ಟಿಸಿಕೊಳ್ಳುವಾಗ, “ಇವತ್ತ ಹೊನ್ನಗಟ್ಟಿ ಆಚೆ ಜಲ್ಲಿ ಬಿಗಿ ಮಾಡೂ ಮಷಿನ್ ತರ್ತಾರ, ಕಿವಿ ಹೋಗ್ತಾವ ನೋಡು” ಅಂದ. ಚಂಪಕ್ಕ ಹುಬ್ಬಳ್ಳಿಗೆ ಹೋಗುವ ಮಾತು ಎತ್ತಲಿಲ್ಲ. ಅಳಿಸಿಹಾಕಿದ ಮೇಲೆ ಹೇಳಿದರಾಯಿತು, ಈಗಲೇ ಯಾಕೆ ಅವನ ಹಸಿವು ಕೆಡಿಸುವುದು ಅಂತ.

ಕಂಟ್ರೋಲ್ ರೂಮಿನಲ್ಲಿ ಮೊಬೈಲನ್ನು ಬಾಗಿಲಲ್ಲೇ ಇಡಿಸಿಕೊಂಡರು. ಒಳಗೆ ಕಾರ್ತೀಕದ ಚಳಿ. ಗೋಡೆಯ ಉದ್ದಕ್ಕೂ ಪರದೆ, ಅದರ ಮೇಲೆ ಕರಿ ಬಟ್ಟೆಗೆ ಹಾಕಿದ ಬಣ್ಣದ ಹೊಲಿಗೆಯಂತೆ ಹಳಿಗಳು. ಮುತಾಲಿಕ ಸಾಹೇಬರು ಎದ್ದು ಕುರ್ಚಿ ತೋರಿಸಿದರು. ಒಳ್ಳೆಯ ಮನುಷ್ಯ, ಆದರೆ ನಿದ್ದೆಗೆಟ್ಟ ಕಣ್ಣು.

“ನೋಡವ್ವ, ನಿಮ್ಮ ಹೆದರಿಕಿ ನನಗ ತಿಳಿತದ. ಆದ್ರ ಯಂತ್ರ ಒಂದು ದಿನಾನೂ ಕೆಂಪು ದಾಟಿಲ್ಲ. ಕಾರಣ ಇಲ್ಲದ ತಡಾನ ನಾ ಹೆಂಗ ಇಟ್ಕೊಳ್ಳಿ?”

“ಸಾಹೇಬ್ರ, ನಮ್ಮಪ್ಪ ಅಂತಾನು, ಬ್ರೇಕನ್ನ ಬೇಕಾಗೂಕಿಂತ ಮೊದ್ಲ ಮಾತಾಡ್ಸಬೇಕಂತ. ಅದಕ್ಕ ಹಳದಿ ಕಂಡ ಕೂಡ್ಲೆ ಮುಟ್ಟತೀವ್ರಿ.”

“ಅದು ಸರಿ. ಆದ್ರ ಈ ಹನ್ನೊಂದೂವರಿದು? ಹಳದಿ ಕಾಣೂ ಮೊದ್ಲ ಮುಟ್ಟತದಲ್ಲ?”

ಚಂಪಕ್ಕ ಪರದೆಯ ಕಡೆ ನೋಡಿದಳು. ತಂದೆ ಹಾಗೆ ಕಲಿಸಿರಲಿಲ್ಲ. ತಾವು ಹಾಗೆ ಮಾಡುತ್ತಿದ್ದುದೂ ಆ ಗಳಿಗೆಯಲ್ಲಿ ಅವಳಿಗೆ ನೆನಪಾಗಲಿಲ್ಲ. ದಿನಾ ಮಾಡುವ ಕೆಲಸ ಯಾರಿಗೆ ನೆನಪಿರುತ್ತದೆ?

“ಬಂತ್ರಿ,” ಅಂದಳು ಸ್ಫೂರ್ತಿ. ಪರದೆಯ ಮೇಲೆ ಒಂದು ಕೆಂಪು ಹುಳ ಹೊನ್ನಗಟ್ಟಿ ಬಯಲಿಗೆ ಇಳಿಯುತ್ತಿತ್ತು. ಐವತ್ತೆಂಟು ಡಬ್ಬಿ ಅದಿರು. ಗಂಟೆ ಹನ್ನೊಂದು ಇಪ್ಪತ್ತೆಂಟು. ಓಟ ಅರವತ್ತು. ಕೆಂಪು ಸಿಗ್ನಲ್ಲಿಗೆ ಇನ್ನೂ ಎರಡೂವರೆ ಕಿಲೋಮೀಟರ್. ಕೆಂಪಿನಿಂದ ಮುನ್ನೂರು ಮೀಟರ್ ಆಚೆ ಒಂದು ಸಣ್ಣ ನೀಲಿ ಚುಕ್ಕೆ. ಅದು ಗ್ಯಾಂಗು.

“ನೋಡ್ರಿ, ಇನ್ನೂ ಹಳದಿ ಕಂಡಿಲ್ಲ, ಈಗ ಮುಟ್ಟತದ. ಅರವತ್ತರಿಂದ ಐವತ್ತೈದಕ್ಕ ಇಳೀತದ, ನೋಡ್ಕೋಂತ ಇರ್ರಿ.”

ಗಾಡಿ ಬ್ರೇಕು ಮುಟ್ಟಿತು. ಐವತ್ತೊಂಬತ್ತು. ಐವತ್ತೆಂಟು.

ಐವತ್ತೆಂಟು.

ಸ್ಫೂರ್ತಿಯ ಬೆರಳು ಗಾಳಿಯಲ್ಲೇ ನಿಂತಿತು. ಚಂಪಕ್ಕನಿಗೆ ಯಂತ್ರದ ಭಾಷೆ ಬಾರದಿದ್ದರೂ ಇದು ತಿಳಿಯಿತು. ಗಾಡಿಯನ್ನು ಮಾತಾಡಿಸಿದ್ದಾಗಿತ್ತು, ಅದು ‘ಓ’ ಅಂದಿರಲಿಲ್ಲ, ಸಣ್ಣಗೆ ನರಳಿತ್ತು. ಪರದೆಯ ಮೂಲೆಯಲ್ಲಿ ಹಳದಿ ಅಕ್ಷರ ಮೂಡಿತು: ‘ಬ್ರೇಕ್ ಬಲ ಅರ್ಧ. ಪೂರ್ಣ ಬ್ರೇಕ್ ಹಾಕಲಾಗಿದೆ.’

“ಅರ್ಧ ಹೆಂಗಾಗ್ತದ? ಹಿಂದಿನ ಡಬ್ಬಿ ಗಾಳಿ ಸರಿ ತೋರಸ್ತದಲ್ಲ!” ಮುತಾಲಿಕರು ಎದ್ದೇ ಬಿಟ್ಟಿದ್ದರು. “ಗ್ಯಾಂಗಿಗೆ ಫೋನ್ ಹಚ್ಚ್ರಿ! ಲಗೂನ!”

ಫೋನು ಹೋಯಿತು. ಬಡಿದುಕೊಂಡಿತು. ಯಾರೂ ಎತ್ತಲಿಲ್ಲ.

“ಮಷಿನ್ ಐತ್ರಿ ಅಲ್ಲೆ,” ಅಂದಳು ಚಂಪಕ್ಕ. “ಜಲ್ಲಿ ಮಷಿನ್. ಏನೂ ಕೇಳ್ಸಂಗಿಲ್ಲ. ನಮ್ಮ ಮನಿಯವ್ರದಾರ ಅಲ್ಲೆ.”

ಸ್ಫೂರ್ತಿ ಅವಳ ಕೈ ಹಿಡಿದಳು. ಮಾಡುವುದಕ್ಕೆ ಬೇರೆ ಏನೂ ಉಳಿದಿರಲಿಲ್ಲ. ಐವತ್ತೆರಡು. ನಲವತ್ತಾರು. ಹುಳ ಹಳದಿಯನ್ನು ದಾಟಿತು. ದಾಟುವಾಗ ಹಾರ್ನ್ ಒತ್ತಿದ ಗುರುತು ಪರದೆಯಲ್ಲಿ ಮಿನುಗಿತು. ಹತ್ತು ಹರದಾರಿ ಆಚೆ ಗಾಡಿ ಕೂಗುತ್ತಿತ್ತು, ಇವರು ಕಲಿಸಿದ ಕೂಗು. ಮೂವತ್ತೆಂಟು. ಕೆಂಪಿಗೆ ಏಳುನೂರು ಮೀಟರ್. ಇಪ್ಪತ್ತೊಂಬತ್ತು. ಹೊಲಿಗೆ ಬಿಚ್ಚಿದ ಅಂಚಿನಲ್ಲಿ ಸೂಜಿ ಹೋಗುವುದನ್ನು ನೋಡುವ ಹಾಗೆ ಚಂಪಕ್ಕ ನೋಡುತ್ತಿದ್ದಳು. ಹದಿನೆಂಟು. ಹನ್ನೊಂದು. ಐದು.

ಸೊನ್ನೆ.

ಕೆಂಪು ಸಿಗ್ನಲ್ಲಿಗೆ ನೂರೈವತ್ತು ಮೀಟರ್ ಇರುವಂತೆ ಗಾಡಿ ನಿಂತಿತ್ತು. ನೀಲಿ ಚುಕ್ಕೆ ತನ್ನ ಪಾಡಿಗೆ ತಾನಿತ್ತು. ಅದಕ್ಕೆ ಏನೂ ಗೊತ್ತಾಗಿರಲಿಲ್ಲ.

ಮುತಾಲಿಕರು ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು, ಎರಡೂ ಅಂಗೈಗಳಲ್ಲಿ ಮುಖ ಉಜ್ಜಿಕೊಂಡರು. ಎಲ್ಲಿಯೋ ಕಲ್ಲು ಸಿಡಿದು, ಮೂವತ್ತನೆಯ ಡಬ್ಬಿಯ ಬಳಿ ಬ್ರೇಕಿನ ಗಾಳಿಯ ಕೊಳವೆಯ ತಿರುಪು ಮುಚ್ಚಿಕೊಂಡಿತ್ತು ಅಂತ ಸಂಜೆಗೆ ತಿಳಿದುಬಂತು. ಹಿಂದಿನ ಡಬ್ಬಿಗಳ ಗಾಳಿ ಅಲ್ಲೇ ಸಿಕ್ಕಿಕೊಂಡು ಉಳಿದದ್ದರಿಂದ ಮಾಪಕ ‘ಎಲ್ಲ ಸರಿ’ ಅಂತ ತೋರಿಸುತ್ತಿತ್ತು. ಗಾಳಿ ಇತ್ತು, ಬ್ರೇಕಿಗೆ ಹೋಗುವ ದಾರಿ ಇರಲಿಲ್ಲ. ಮುಟ್ಟಿ ನೋಡದೆ ಅದು ತಿಳಿಯುವಂತೆಯೇ ಇರಲಿಲ್ಲ.

ಸ್ಫೂರ್ತಿ ಗಣಕದಲ್ಲಿ ಲೆಕ್ಕ ಹಾಕುತ್ತಿದ್ದಳು.

“ಸರ್, ಹಳೇ ಪಾಠ ಆಗಿದ್ರ ಕೆಂಪು ದಾಟಿ ಕಿಲೋಮೀಟರ್ ಮ್ಯಾಲ ಹೋಗ್ತಿತ್ತು.” ಆಮೇಲೆ ಚಂಪಕ್ಕನ ಕಡೆ ತಿರುಗಿದಳು. “ಅಕ್ಕಾರ, ನಿಮ್ಮ ಅಪ್ಪಾರು ಹೇಳಿದಂಗ ಹಳದಿ ಕಂಡ ಮ್ಯಾಲ ಮುಟ್ಟಿದ್ರೂ ಸಾಲ್ತಿರ್ಲಿಲ್ಲ. ಮುನ್ನೂರೈವತ್ತು ಮೀಟರ್ ದಾಟ್ತಿತ್ತು. ಗ್ಯಾಂಗು ಮುನ್ನೂರರಾಗ ಅದ. ಈ ಹನ್ನೊಂದೂವರಿ ಅರ್ಧ ಕಿಲೋಮೀಟರ್ ಅದಲ್ಲ, ಅದ ಉಳಿಸಿದ್ದು. ಎಲ್ಲಿಂದ ಬಂತ್ರಿ ಅದು? ಯಾರು ಕಲಿಸಿದ್ರು?”

ಹನ್ನೊಂದೂವರೆ. ಚಂಪಕ್ಕನಿಗೆ ಆಗ ಕಣ್ಣ ಮುಂದೆ ಬಂತು: ಖೋಲಿ, ಚೆಲ್ಲಾಪಿಲ್ಲಿ ಎದ್ದು ಓಡುವ ಸೀರೆಗಳು, ಚಾಪೆಯ ಮೇಲೆ ಹನ್ನೊಂದು ಮೊಬೈಲುಗಳಲ್ಲಿ ತೆವಳುತ್ತಿರುವ ಹನ್ನೊಂದು ಗಾಡಿಗಳು. ಅವಳಿಗೆ ನಗು ಬಂತು. ನಗುತ್ತ ನಗುತ್ತ ಅಳುವೂ ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಕುಕ್ಕರ್ ರೀ ಮೇಡಂ.”

“ಏನಂದ್ರಿ?”

“ಕುಕ್ಕರ್. ಆ ಹೊತ್ತಿಗೆ ಅನ್ನ ಇಳಸಾಕ ಏಳ್ತೀವ್ರಿ ಎಲ್ಲಾರೂ. ಗಾಡಿ ಕೈಬಿಟ್ಟು ಹೋಗ್ಬಾರ್ದಂತ ಮೊದ್ಲ ಒಂದೀಟು ಬ್ರೇಕ್ ಹಚ್ಚಿಟ್ಟು ಹೋಗ್ತೀವಿ. ಯಾರೂ ಕಲಿಸ್ಲಿಲ್ರಿ. ನಾವ ತಪ್ಪು ಮಾಡೀವಿ.”

ಮುತಾಲಿಕ ಸಾಹೇಬರು ಎದ್ದು ಬಂದು, ಗಂಡಸರು ದೊಡ್ಡವರ ಮುಂದೆ ಮಾಡುವಂತೆ, ಎರಡೂ ಕೈ ಜೋಡಿಸಿದರು.

“ಅವ್ವ, ಆ ತಪ್ಪನ್ನ ನಾ ಅಳಸಂಗಿಲ್ಲ. ಹಡಗು ಕಾಯ್ಲಿ.”

ಸಂಜೆ ಮುದಕಪ್ಪ ಎಂದಿನಂತೆ ಬಂದ, ಕಾಲು ತೊಳೆದ, ಊಟಕ್ಕೆ ಕೂತ. ಕಿವಿಯಲ್ಲಿ ಇನ್ನೂ ಮಷಿನ್ನು ಗುಂಯ್‌ಗುಟ್ಟುತ್ತಿತ್ತೋ ಏನೋ, ಜೋರಾಗಿ ಮಾತಾಡುತ್ತಿದ್ದ.

“ಇವತ್ತೊಂದು ಗಾಡಿ, ಪಾಪ, ಎಷ್ಟು ದೂರದಾಗ ನಿಂತಿತ್ತು ನೋಡು! ಮದಲಗಿತ್ತಿ ನಾಚ್ಕೊಂಡು ನಿಂತಂಗ. ಆಮ್ಯಾಲ ಯಾರೋ ನಾಕು ಮಂದಿ ಬಂದು ಅದರ ಕೆಳಗ ಹೊಕ್ಕು ಹುಡುಕ್ತಿದ್ರು.” ತಟ್ಟೆ ನೋಡಿದ. “ಯಾಕ ಇವತ್ತ ಇಷ್ಟು ತುಪ್ಪ?”

“ಉಣ್ರಿ ಸುಮ್ನ.”

“ಹಬ್ಬೇನ ಇವತ್ತ?”

“ಹೌದು. ನಮ್ಮ ಮನಿ ಹಬ್ಬ,” ಅಂದಳು ಚಂಪಕ್ಕ. ಇಡೀ ಕತೆಯನ್ನು ಅವನು ಉಂಡು ಕೈ ತೊಳೆದ ಮೇಲೆ ಹೇಳಿದಳು. ಮುದಕಪ್ಪ ಎದ್ದು ಅಡುಗೆಮನೆಗೆ ಹೋಗಿ, ತೊಳೆದು ಬೋರಲು ಹಾಕಿದ್ದ ಕುಕ್ಕರನ್ನು ಬಲಗೈಯಿಂದ ಮುಟ್ಟಿ, ಆ ಕೈಯನ್ನು ಹಣೆಗೆ ಒತ್ತಿಕೊಂಡ. ಮೂಲೆಯಲ್ಲಿ ಕೂತಿದ್ದ ಗುರುಪಾದಪ್ಪ, “ಹಾಂ. ಈಗ ಡ್ರೈವರ್ ಅಳ್ಯಾ ಆದ್ಯಪಾ,” ಅಂದ; ಅಂದು ಮುಖ ಆಚೆ ತಿರುಗಿಸಿಕೊಂಡ.

ಸೋಮವಾರ ಪಾಠ ಅಳಿಯಲಿಲ್ಲ. ಹಳದಿ ಕಾಣುವ ಮೊದಲೇ ಒಮ್ಮೆ ಬ್ರೇಕು ಮಾತಾಡಿಸುವುದು ಆ ಹಳಿಯ ಎಲ್ಲ ಗಾಡಿಗಳಿಗೂ, ಎಲ್ಲ ಹೊತ್ತಿಗೂ ಕಾಯಂ ಆಯಿತು. ವೇಳಾಪಟ್ಟಿಯಲ್ಲಿ ನಾಲ್ಕು ನಿಮಿಷ ಹೆಚ್ಚಿಗೆ ಬರೆದರು. ಕಾಗದದ ಮೇಲೆ ಅದಕ್ಕೆ ಏನೋ ಉದ್ದದ ಹೆಸರಿದೆ. ಕಂಟ್ರೋಲ್ ರೂಮಿನ ಹುಡುಗರು ಅದನ್ನು ‘ಅನ್ನದ ಹೊತ್ತು’ ಅಂತಲೇ ಕರೆಯುತ್ತಾರೆ. ಆಟದ ಹೊಸ ಆವೃತ್ತಿಯಲ್ಲಿ ತಡೆದು ನಿಲ್ಲಿಸುವ ಗುಂಡಿಯನ್ನು ಅಂಗೈಯಗಲ ಮಾಡಿದ್ದರು. ಆ ವಾರ ಸ್ಫೂರ್ತಿ ತಾನೇ ಬಂದು, ಚಹಾ ಕುಡಿದು, “ನೀವು ಮಾತ್ರ ಅದನ್ನ ಒತ್ತಬ್ಯಾಡ್ರಿ ಅಕ್ಕಾರ, ನಿಮ್ಮ ಕೈ ಮುಗೀತೀನಿ” ಅಂತ ಹೇಳಿ ಹೋದಳು.

ಹನ್ನೊಂದು ಹೆಂಗಸರೂ ಆಟದ ಪಟ್ಟಿಯಲ್ಲಿ ಇವತ್ತಿಗೂ ಕಟ್ಟಕಡೆಯವರು. ಎಲ್ಲರಿಗಿಂತ ಕೆಳಗೆ ಸಾವಂತ್ರೆವ್ವ. ಅದನ್ನು ಅವಳು ಸೊಸೆಗೆ ತೋರಿಸಿ ಮೆರೆಯುತ್ತಾಳೆ.

ಮೊನ್ನೆ ಖೋಲಿಯಲ್ಲಿ ಮಾತು ಜೋರಾಗಿತ್ತು. ರೆಹಮತ್‌ಬಿಯ ಮಗಳ ನಿಕಾಹದ ಬಟ್ಟೆ, ಅದಕ್ಕೆ ಯಾವ ಅಂಚು ಅಂತ ಹನ್ನೊಂದು ಬಾಯಿ ಹನ್ನೊಂದು ಬಣ್ಣ ಹೇಳುತ್ತಿದ್ದವು. ಗಡಿಯಾರ ಯಾರೂ ನೋಡಿರಲಿಲ್ಲ, ಸೀಟಿ ಯಾರೂ ಎಣಿಸಿರಲಿಲ್ಲ. ಆಗ ಚಾಳಿನ ಹಿಂದಿನ ಹಳಿಯಲ್ಲಿ, ಇನ್ನೂ ದೂರದಿಂದಲೇ, ಒಂದು ಗಾಡಿ ಹಗುರಾಗಿ ಉಸಿರು ಬಿಟ್ಟು ಉದ್ದಕ್ಕೆ ಕೂಗಿತು.

ಬಾಗಿಲ ಬಳಿಯ ಕುರ್ಚಿಯಿಂದ ಗುರುಪಾದಪ್ಪ ಕೈ ಎತ್ತಿದ.

“ಏಳ್ರೇ, ಗಾಡಿ ಕರ್ಯಾಕತ್ತೈತಿ. ಅನ್ನ ಸೀದೀತು.”